ಒಂದು ಹೊಟ್ಟೆ, ಮೂರು ನೋವು

ಪ್ರಶ್ನೆ: ನಮ್ಮ ಮನೆಯವರಿಗೆ 59 ವರ್ಷ. ಬ್ರಹ್ಮಾವರದಲ್ಲಿ ಜೀನಸಿ ಅಂಗಡಿ ಇದೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಎಂದು ಒಂಬತ್ತು ತಿಂಗಳ ಹಿಂದೆ ಮಂಗಳೂರಿನಲ್ಲಿ ವಿಪಲ್ ಶಸ್ತ್ರಚಿಕಿತ್ಸೆ ಆಯಿತು. ಆಮೇಲೆ ಹನ್ನೆರಡು ಸಲ ಕೀಮೋ. ಅದು ಮುಗಿದು ಒಂದು ತಿಂಗಳಾಯಿತು. ಮೂರು ವಾರದ ಹಿಂದಿನ ಸ್ಕ್ಯಾನಿನಲ್ಲಿ ಏನೂ ಇಲ್ಲ ಎಂದರು. ಆದರೆ ನೋವು ಹೋಗಿಲ್ಲ. ಗಾಯದ ಬಲಬದಿ ಉರಿಯುತ್ತದೆ, ಬನಿಯನ್ ತಾಗಿದರೂ ಆಗುವುದಿಲ್ಲ. ಮಧ್ಯಾಹ್ನ ಉಂಡು ಒಂದು ಗಂಟೆಗೆ ಹೊಟ್ಟೆ ಉಬ್ಬಿ ಕಿವುಚುತ್ತದೆ. ರಾತ್ರಿ ನಡುಬೆನ್ನು ಕೊರೆಯುತ್ತದೆ, ಎದ್ದು ಮುಂದಕ್ಕೆ ಬಾಗಿ ಕೂತರೆ ಸ್ವಲ್ಪ ವಾಸಿ. ಮಲ ಬಿಳಿಚಿಕೊಂಡು ತೇಲುತ್ತದೆ. ತೂಕ 68ರಿಂದ 54 ಕಿಲೋಗೆ ಇಳಿದಿದೆ. ಬೆಳಿಗ್ಗೆ, ರಾತ್ರಿ ಗಂಜಿ, ಮಧ್ಯಾಹ್ನ ಮಾತ್ರ ಅನ್ನ, ಪದಾರ್ಥ ಕೊಡುತ್ತೇನೆ. ಊಟವಾದ ಮೇಲೆ ಕಿಣ್ವದ ಕ್ಯಾಪ್ಸೂಲ್, 10,000ದ್ದು, ಒಂದು. ನೋವಿಗೆ ಟ್ರಮಡಾಲ್ ಕೊಟ್ಟಿದ್ದಾರೆ; ಇವರು ತಡೆಯಲಾಗದಾಗ ಮಾತ್ರ ಅರ್ಧ ಮಾಡಿ ನುಂಗುತ್ತಾರೆ. ಚಟ ಹಿಡಿಯುತ್ತದೆ ಎಂದು ದುಬೈಯಲ್ಲಿರುವ ಮಗ ಹೆದರಿಸುತ್ತಾನೆ. ಡಾಕ್ಟರರಲ್ಲಿ ಹೇಳಿದರೆ "ದೊಡ್ಡ ಆಪರೇಷನ್ ಅಲ್ಲವೇ, ಸ್ವಲ್ಪ ನೋವು ಇರುತ್ತದೆ" ಎನ್ನುತ್ತಾರೆ. ಕಾಯಿಲೆ ಮತ್ತೆ ಬಂದಿದೆಯೇ? ಸಹಿಸಿಕೊಳ್ಳುವುದೊಂದೇ ದಾರಿಯೇ? ಇನ್ನೊಂದು ಸಣ್ಣ ಪ್ರಶ್ನೆ: ಬಂಗುಡೆ ತಿನ್ನಬಹುದೇ? ದಿನಾ ಕೇಳುತ್ತಾರೆ.

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಮೂರು ಕ್ರಿಯಾಪದಗಳು. ಉರಿಯುತ್ತದೆ, ಕಿವುಚುತ್ತದೆ, ಕೊರೆಯುತ್ತದೆ. ನೋವಿನ ಚಿಕಿತ್ಸೆಗೆಂದು ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಅಂಗೈಯನ್ನು ಹೊಟ್ಟೆಯ ಮೇಲೆ ಅಗಲಕ್ಕೆ ಆಡಿಸಿ "ಇಲ್ಲೆಲ್ಲ ನೋವು" ಎನ್ನುತ್ತಾರೆ. ಅದರೊಳಗಿಂದ ಒಂದೊಂದು ಎಳೆ ಬಿಡಿಸಲು ಅರ್ಧ ಗಂಟೆ ಬೇಕು. ನೀವು ಆ ಕೆಲಸವನ್ನು ಮನೆಯಲ್ಲೇ ಮಾಡಿ ಕಳುಹಿಸಿದ್ದೀರಿ. ನಿಮ್ಮ ಯಜಮಾನರಿಗೆ ಇರುವುದು ಒಂದು ನೋವಲ್ಲ, ಮೂರು. ಮೂರರ ಹುಟ್ಟೂ ಬೇರೆ, ಮದ್ದೂ ಬೇರೆ. ಈಗ ನಡೆಯುತ್ತಿರುವುದೇನೆಂದರೆ, ಮೂರು ಬೀಗಕ್ಕೆ ಒಂದೇ ಕೀಲಿಕೈ, ಅದನ್ನೂ ಅರ್ಧಕ್ಕೆ ಮುರಿದು ತಿರುಗಿಸಿ ನೋಡುತ್ತಿದ್ದೀರಿ.

ಮೊದಲು ನಿಮ್ಮ ನಿದ್ದೆ ಕೆಡಿಸಿರುವ ಪ್ರಶ್ನೆ. ಕಾಯಿಲೆ ಮತ್ತೆ ಬಂದಿದೆಯೇ ಎಂಬುದನ್ನು ಪತ್ರ ಓದಿ ಯಾರೂ ಹೇಳಲಾರರು, ಹೇಳಿದರೆ ನಂಬಬೇಡಿ. ಶಸ್ತ್ರಚಿಕಿತ್ಸೆ ಎಷ್ಟೇ ಚೆನ್ನಾಗಿ ಆಗಿದ್ದರೂ ಈ ಕ್ಯಾನ್ಸರ್ ಮರುಕಳಿಸುವುದು ಅಪರೂಪವಲ್ಲ. ಅದಕ್ಕಾಗಿಯೇ ಮೊದಲ ಎರಡು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ತಪಾಸಣೆಗೆ ಕರೆಯುತ್ತಾರೆ. ಆದರೆ ನಿಮ್ಮ ಸ್ಕ್ಯಾನ್ ಆಗಿ ಮೂರೇ ವಾರ. ಮೇಲಾಗಿ, ನೀವು ಬರೆದ ಮೂರು ನೋವುಗಳಲ್ಲಿ ಎರಡಕ್ಕೆ ಕ್ಯಾನ್ಸರನ್ನು ಎಳೆದು ತರಬೇಕಾದ ಅಗತ್ಯವೇ ಇಲ್ಲದಷ್ಟು ಸರಳವಾದ ಕಾರಣಗಳು ಕಣ್ಣಿಗೆ ಕಾಣುತ್ತಿವೆ. ಮೂರನೆಯದರ ಬಗ್ಗೆ ಮಾತ್ರ ಎಚ್ಚರದಿಂದ ಮಾತಾಡುತ್ತೇನೆ.

"ಸ್ವಲ್ಪ ನೋವು ಇರುತ್ತದೆ" ಎಂಬ ಮಾತು ಮೊದಲ ಆರೆಂಟು ವಾರಗಳಿಗೆ ಸರಿ. ಮೂರು ತಿಂಗಳು ದಾಟಿಯೂ ಉಳಿದ ನೋವನ್ನು ವೈದ್ಯಶಾಸ್ತ್ರ ಶಸ್ತ್ರಚಿಕಿತ್ಸೆಯ ಬಾಲವೆಂದು ನೋಡುವುದಿಲ್ಲ, ಸ್ವತಂತ್ರ ಕಾಯಿಲೆ ಎಂದೇ ನೋಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 11ನೇ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ. ಅದರಲ್ಲಿ ಈ ನೋವಿಗೆ ತನ್ನದೇ ಆದ ಹೆಸರು, ಸಂಖ್ಯೆ ಎರಡೂ ಇವೆ. ನಿಮ್ಮ ಶಸ್ತ್ರಚಿಕಿತ್ಸಕರನ್ನು ನಾನು ದೂರುತ್ತಿಲ್ಲ. ಆರೇಳು ಗಂಟೆ ನಿಂತು ಮಾಡಿದ ಕೆಲಸದಲ್ಲಿ ಹೊಲಿಗೆಗಳು ನಿಂತಿವೆ, ಸ್ಕ್ಯಾನ್ ಸ್ವಚ್ಛವಾಗಿದೆ ಎಂದಾಗ ಅವರ ಗಮನ ಅಲ್ಲಿಗೇ ನಿಲ್ಲುವುದು ಸಹಜ. ಆದರೆ ರಾತ್ರಿ ಎರಡು ಗಂಟೆಗೆ ಕುರ್ಚಿಯಲ್ಲಿ ಬಾಗಿ ಕೂತವರು ನಿಮ್ಮ ಯಜಮಾನರು. ನೋವನ್ನೇ ನೋಡುವವರೊಬ್ಬರು ನಿಮಗೆ ಬೇಕು. ಎಲ್ಲಿ ಸಿಗುತ್ತಾರೆ ಎಂಬುದನ್ನು ಆಮೇಲೆ ಹೇಳುತ್ತೇನೆ.

ಮೊದಲಿಗೆ ಉರಿ. ಹೊಟ್ಟೆಯ ಗೋಡೆಗೆ ಸ್ಪರ್ಶಜ್ಞಾನ ಕೊಡುವ ನರಗಳು ಬೆನ್ನೆಲುಬಿನಿಂದ ಹೊರಟು, ಪಕ್ಕೆಲುಬುಗಳ ಅಡಿಯಲ್ಲಿ ಹಾದು, ಮುಂದಕ್ಕೆ ಬಂದು ಮುಗಿಯುತ್ತವೆ. ವಿಪಲ್‌ಗೆ ಹಾಕುವ ಕೊಯ್ತ ನಡುಹೊಟ್ಟೆಯಲ್ಲಿ ಉದ್ದಕ್ಕಿರಲಿ, ಪಕ್ಕೆಲುಬಿನ ಅಂಚಿಗೆ ಅಡ್ಡಕ್ಕಿರಲಿ, ಇವುಗಳಲ್ಲಿ ಕೆಲವು ತುಂಡಾಗುತ್ತವೆ, ಕೆಲವು ಹೊಲಿಗೆಯ ಗಂಟಿನಲ್ಲಿ ಸಿಕ್ಕಿಕೊಳ್ಳುತ್ತವೆ. ಚರ್ಮ ಎರಡು ವಾರದಲ್ಲಿ ಕೂಡಿಕೊಳ್ಳುತ್ತದೆ. ನರ ಹಾಗಲ್ಲ, ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತದೆ, ಅಲ್ಲಿಯವರೆಗೆ ಸುಳ್ಳು ಸುದ್ದಿ ಕಳುಹಿಸುತ್ತಲೇ ಇರುತ್ತದೆ. ಬನಿಯನ್ ತಾಗಿದರೆ ಕೆಂಡ ತಾಗಿತೆಂದು ಮೆದುಳಿಗೆ ವರದಿ ಮಾಡುತ್ತದೆ.

ಇದನ್ನು ಮನೆಯಲ್ಲೇ ಪರೀಕ್ಷಿಸುವ ಒಂದು ಕ್ರಮವಿದೆ. ಕಾರ್ನೆಟ್ ಎಂಬ ಶಸ್ತ್ರಚಿಕಿತ್ಸಕರು 1926ರಲ್ಲಿ ವಿವರಿಸಿದ್ದು, ಇವತ್ತಿಗೂ ನಾನು ದಿನಾ ಬಳಸುವಂಥದ್ದು. ಅವರನ್ನು ಅಂಗಾತ ಮಲಗಿಸಿ. ಹೆಚ್ಚು ನೋಯುವ ಜಾಗದ ಮೇಲೆ ನಿಮ್ಮ ಒಂದು ಬೆರಳಿಡಿ. ಈಗ ಕೈಯೂರದೆ ತಲೆ ಮತ್ತು ಭುಜವನ್ನು ಮೆಲ್ಲನೆ ಎತ್ತಲು ಹೇಳಿ. ಹೊಟ್ಟೆ ಬಿಗಿಯಾದಾಗ ನೋವು ಹೆಚ್ಚಾದರೆ ಅದು ಹೊಟ್ಟೆಯ ಗೋಡೆಯದ್ದು. ಕಡಿಮೆಯಾದರೆ ಒಳಗಿನದ್ದು. ಹಾಗೆಯೇ ನಿಂತು ಕೆಮ್ಮಲು ಹೇಳಿ ಗಾಯದ ಗೆರೆಯನ್ನು ನೋಡಿ. ಎಲ್ಲಾದರೂ ಉಬ್ಬಿ ಬಂದರೆ ಹರ್ನಿಯಾ ಇರಬಹುದು, ಅದನ್ನು ಶಸ್ತ್ರಚಿಕಿತ್ಸಕರಿಗೇ ತೋರಿಸಬೇಕು.

ನರದ ಉರಿಗೆ ಟ್ರಮಡಾಲ್ ಮುಖ್ಯ ಮದ್ದಲ್ಲ. ಗಬಾಪೆಂಟಿನ್ ಅಥವಾ ಪ್ರಿಗಾಬಲಿನ್ ಕೊಡುತ್ತೇವೆ, ಇಲ್ಲವೇ ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಮ್ ರಾತ್ರಿ ಮಲಗುವ ಮುಂಚೆ. ಈ ಮಾತ್ರೆಗಳ ಬಗ್ಗೆ ಎರಡು ಮಾತು ತಿಳಿದಿರಲಿ. ಒಂದು, ಇವು ನುಂಗಿದ ಗಂಟೆಯಲ್ಲಿ ಕೆಲಸ ಮಾಡುವುದಿಲ್ಲ. ದಿನಾ ತೆಗೆದುಕೊಂಡರೆ ಒಂದೆರಡು ವಾರದಲ್ಲಿ ಪರಿಣಾಮ ಕಾಣುತ್ತದೆ. ಮೂರು ದಿನ ನೋಡಿ "ನಾಟಲಿಲ್ಲ" ಎಂದು ಬಿಟ್ಟವರೇ ಹೆಚ್ಚು. ಇನ್ನೊಂದು, ಆರಂಭದಲ್ಲಿ ತೂಕಡಿಕೆ, ತಲೆ ತಿರುಗುವುದು ಇರುತ್ತದೆ, ಆದ್ದರಿಂದ ಕಡಿಮೆ ಪ್ರಮಾಣದಿಂದ ಶುರುಮಾಡಿ ನಿಧಾನವಾಗಿ ಏರಿಸುತ್ತೇವೆ, ಒಮ್ಮೆಲೇ ನಿಲ್ಲಿಸಬಾರದು. ಮೂತ್ರಪಿಂಡದ ತೊಂದರೆ ಇದ್ದರೆ ಪ್ರಮಾಣ ತಗ್ಗಿಸಬೇಕು. ಪ್ರೊಸ್ಟೇಟ್ ತೊಂದರೆ ಇರುವವರಿಗೆ ಅಮಿಟ್ರಿಪ್ಟಿಲಿನ್ ಮೂತ್ರ ಕಟ್ಟಿಸಬಹುದು, ಟ್ರಮಡಾಲ್ ಜೊತೆಗೂ ಅದು ಅಷ್ಟಾಗಿ ಹೊಂದುವುದಿಲ್ಲ, ಹಾಗಾಗಿ ವೈದ್ಯರಿಗೆ ಎಲ್ಲ ಮಾತ್ರೆಗಳನ್ನೂ ತೋರಿಸಿ. ನೋವು ಒಂದೇ ಬೆರಳಿನಷ್ಟು ಜಾಗದಲ್ಲಿದ್ದರೆ ಅಲ್ಲಿಗೇ ಮರಗಟ್ಟಿಸುವ ಮದ್ದಿನ ಚುಚ್ಚುಮದ್ದು ಕೊಟ್ಟಾಗ, ಎಷ್ಟೋ ತಿಂಗಳ ಉರಿ ಅದೇ ಮೇಜಿನ ಮೇಲೆ ಇಳಿದದ್ದನ್ನು ನೋಡಿದ್ದೇನೆ. ಮನೆಯಲ್ಲಿ ಮಾಡಬಹುದಾದದ್ದು: ಹತ್ತಿಯ ಉಂಡೆಯಿಂದ ದಿನಕ್ಕೆ ಮೂರು ಸಲ ಎರಡೆರಡು ನಿಮಿಷ ಆ ಜಾಗವನ್ನು ಮೆಲ್ಲನೆ ಸವರುವುದು, ಒಂದು ವಾರದ ಬಳಿಕ ಮೆತ್ತನೆಯ ಬಟ್ಟೆ, ಆಮೇಲೆ ಒರಟು ಬೈರಾಸು. ನರಕ್ಕೆ ಸ್ಪರ್ಶದ ಅಕ್ಷರಾಭ್ಯಾಸ ಮತ್ತೊಮ್ಮೆ ಮಾಡಿಸಬೇಕಾಗುತ್ತದೆ. ಪಾದ, ಬೆರಳುಗಳಲ್ಲಿ ಜೋಮು ಇದ್ದರೆ, ತಣ್ಣೀರು ಮುಟ್ಟಿದಾಗ ಚುರುಕೆಂದರೆ, ಅದು ಕೀಮೋದಲ್ಲಿ ಆಕ್ಸಾಲಿಪ್ಲಾಟಿನ್ ಇದ್ದವರಿಗೆ ಬರುವ ಬೇರೆಯದೇ ನರನೋವು, ಅದನ್ನೂ ಹೇಳಿ.

ಇನ್ನು ಕಿವುಚುವ ನೋವು. ಉತ್ತರದ ಹೆಚ್ಚಿನ ಭಾಗವನ್ನು ಇದಕ್ಕೇ ಇಡುತ್ತೇನೆ, ಏಕೆಂದರೆ ಬೇಗ ಗುಣ ಕಾಣುವುದು ಇಲ್ಲೇ, ತಪ್ಪು ನಡೆಯುತ್ತಿರುವುದೂ ಇಲ್ಲೇ.

ಮೇದೋಜೀರಕ ಗ್ರಂಥಿ ಜಠರದ ಹಿಂದೆ, ಬೆನ್ನೆಲುಬಿಗೆ ಅಡ್ಡಲಾಗಿ ಒರಗಿರುತ್ತದೆ. ವಿಪಲ್‌ನಲ್ಲಿ ಅದರ ತಲೆಭಾಗ, ಆ ತಲೆಯನ್ನು ಸುತ್ತುವರಿದ ಸಣ್ಣ ಕರುಳಿನ ಮೊದಲ ತುಂಡು, ಪಿತ್ತಕೋಶ, ಪಿತ್ತನಾಳದ ಕೆಳಭಾಗ, ಕೆಲವೊಮ್ಮೆ ಜಠರದ ತುದಿ ಎಲ್ಲವನ್ನೂ ತೆಗೆಯುತ್ತಾರೆ. ನ್ಯೂಯಾರ್ಕಿನ ಅಲೆನ್ ವಿಪಲ್ 1935ರಲ್ಲಿ ಇದರ ಕುರಿತು ಪ್ರಕಟಿಸಿದ್ದರಿಂದ ಆ ಹೆಸರು. ಉಳಿದ ಗ್ರಂಥಿ, ಪಿತ್ತನಾಳ, ಜಠರ ಈ ಮೂರನ್ನೂ ಕರುಳಿಗೆ ಹೊಸದಾಗಿ ಜೋಡಿಸುತ್ತಾರೆ. ಕೊಬ್ಬನ್ನು ಅರಗಿಸುವ ಲೈಪೇಸ್ ಎಂಬ ಕಿಣ್ವವನ್ನು ಮಾಡುವುದು ಈ ಗ್ರಂಥಿಯೇ. ಉಳಿದ ತುಂಡು ಮೊದಲಿನಷ್ಟು ಮಾಡುವುದಿಲ್ಲ. ಮಾಡಿದ್ದೂ ಹೊತ್ತಿಗೆ ಸರಿಯಾಗಿ ಬರುವುದಿಲ್ಲ, ಏಕೆಂದರೆ "ಊಟ ಬಂತು, ರಸ ಬಿಡು" ಎಂದು ಸೂಚನೆ ಕೊಡುತ್ತಿದ್ದ ಕರುಳಿನ ತುಂಡನ್ನೇ ತೆಗೆದಾಗಿದೆ. ಅರಗದ ಕೊಬ್ಬು ದೊಡ್ಡ ಕರುಳಿನವರೆಗೆ ಹೋಗುತ್ತದೆ, ಅಲ್ಲಿ ಹುಳಿತು ಗಾಳಿ ತುಂಬುತ್ತದೆ, ಹೊಟ್ಟೆ ಉಬ್ಬುತ್ತದೆ, ಕಿವುಚುತ್ತದೆ. ಜಿಡ್ಡಿನ ಮಲ ತೇಲುತ್ತದೆ. ತೂಕ ಇಳಿಯುತ್ತದೆ. ನಿಮ್ಮ ಪತ್ರವನ್ನೇ ನಾನು ಮತ್ತೆ ಓದಿ ಹೇಳಿದಂತಾಯಿತು.

ಇನ್ನೊಂದು ಸುಳಿವನ್ನೂ ನೀವೇ ಕೊಟ್ಟಿದ್ದೀರಿ. ಬೆಳಿಗ್ಗೆ, ರಾತ್ರಿ ಗಂಜಿ ಉಂಡಾಗ ಕಿವುಚುವ ಮಾತಿಲ್ಲ. ಮಧ್ಯಾಹ್ನ ಮಾತ್ರ. ಮಧ್ಯಾಹ್ನದ ಪದಾರ್ಥದಲ್ಲಿ ತೆಂಗಿನಕಾಯಿ ಇರುತ್ತದೆ, ನಮ್ಮ ಊರಿನಲ್ಲಿ ತೆಂಗಿನಕಾಯಿ ಇಲ್ಲದ ಪದಾರ್ಥವೆಲ್ಲಿದೆ?

ಕೆಲವು ವರ್ಷಗಳ ಹಿಂದೆ ಕಾರ್ಕಳ ಕಡೆಯ ಒಬ್ಬರು ಇದೇ ದೂರಿನೊಂದಿಗೆ ಬಂದಿದ್ದರು. ಮೂರು ಕಡೆ ತೋರಿಸಿಯಾಗಿತ್ತು, ಎಂಡೋಸ್ಕೋಪಿಯೂ ಆಗಿತ್ತು. ಕ್ಯಾಪ್ಸೂಲ್ ತೆಗೆದುಕೊಳ್ಳುತ್ತೀರಾ ಎಂದರೆ "ತಪ್ಪದೆ, ಡಾಕ್ಟ್ರೇ". ಮುಂದಿನ ಸಲ ಬುತ್ತಿ ತನ್ನಿ, ಇಲ್ಲೇ ಉಣ್ಣಿ ಎಂದೆ. ಅವರು ಬೆಂಚಿನ ಮೇಲೆ ಕೂತು ಸ್ಟೀಲಿನ ಡಬ್ಬಿ ಬಿಚ್ಚಿದರು. ಕುಚ್ಚಲಕ್ಕಿ ಅನ್ನ, ಸೌತೆಕಾಯಿ ಹುಳಿ, ಮೇಲೆ ಎರಡು ಕರಿದ ಹಪ್ಪಳ. ನಿಧಾನವಾಗಿ, ಕೊನೆಯ ಅಗುಳಿನವರೆಗೆ ಉಂಡರು. ಡಬ್ಬಿ ತೊಳೆದರು. ಬಾಯಿ ಮುಕ್ಕಳಿಸಿದರು. ಬಟ್ಟೆಯ ಚೀಲದಿಂದ ಪ್ಲಾಸ್ಟಿಕ್ ಪೊಟ್ಟಣ ತೆಗೆದು ಏಳು ಮಾತ್ರೆಗಳನ್ನು ಅಂಗೈಗೆ ಸುರಿದುಕೊಂಡು ಒಂದೇ ಗುಟುಕಿಗೆ ನುಂಗಿದರು. ಅದರಲ್ಲಿ ಕಿಣ್ವದ ಕ್ಯಾಪ್ಸೂಲ್ ಒಂದು. ಮಂಗಳೂರಿನಿಂದ ಹೊರಟ ಬಸ್ಸು ಪಡುಬಿದ್ರಿ ದಾಟಿದ ಮೇಲೆ ಕಂಡಕ್ಟರ್ ಮಂಗಳೂರಿನ ನಿಲ್ದಾಣಕ್ಕೆ ಬಂದಂತೆ. ಆ ಕ್ಯಾಪ್ಸೂಲಿನ ತಪ್ಪಿಲ್ಲ, ಅವರದ್ದೂ ಅಲ್ಲ. ಚೀಟಿಯಲ್ಲಿ "ಊಟದ ಜೊತೆ" ಎಂದು ಬರೆದದ್ದನ್ನು ಮೆಡಿಕಲ್ ಶಾಪಿನ ಹುಡುಗ ಎಲ್ಲರಿಗೂ ಹೇಳುವಂತೆ "ಊಟವಾದ ಮೇಲೆ" ಎಂದು ಹೇಳಿದ್ದ.

ಕ್ಯಾಪ್ಸೂಲ್ ಅನ್ನದೊಂದಿಗೆ ಬೆರೆತು ಹೋಗಬೇಕು. ಮೊದಲ ತುತ್ತು ಬಾಯಿಗೆ ಹೋದಾಗ ಒಂದು, ಊಟದ ನಡುವೆ ಇನ್ನೊಂದು. ಸಾಮಾನ್ಯವಾಗಿ ಒಂದು ಊಟಕ್ಕೆ 40,000ದಿಂದ 50,000 ಯೂನಿಟ್ ಲೈಪೇಸ್, ತಿಂಡಿಗೆ ಅಥವಾ ಒಂದು ಲೋಟ ಹಾಲಿಗೆ 20,000ದಿಂದ 25,000 ಎಂದು ಆರಂಭಿಸುತ್ತೇವೆ, ಸಾಲದಿದ್ದರೆ ಏರಿಸುತ್ತೇವೆ. ನಿಮ್ಮ 10,000 ಯೂನಿಟ್, ಮೀನು ಸಾರಿನ ಮುಂದೆ ಏನೂ ಅಲ್ಲ. ಪ್ರಮಾಣವನ್ನು ನಿಮ್ಮ ವೈದ್ಯರಿಂದಲೇ ಬರೆಸಿಕೊಳ್ಳಿ. ದುಬಾರಿ ಮದ್ದು, ಬೆಲೆಯ ಮಾತನ್ನೂ ಸಂಕೋಚವಿಲ್ಲದೆ ಆಡಿ. ಜಗಿಯಬಾರದು, ಬಿಸಿ ಗಂಜಿಗೆ ಬಿಡಿಸಿ ಹಾಕಬಾರದು. ಒಲೆಯ ಪಕ್ಕದ ಗೂಡಿನಲ್ಲೋ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲೋ ಇಟ್ಟರೆ, ಏಪ್ರಿಲಿನ ನಮ್ಮ ಸೆಖೆಯಲ್ಲಿ ಅದರ ಶಕ್ತಿ ಕುಂದುತ್ತದೆ. ಸರಿಯಾದ ಪ್ರಮಾಣ, ಸರಿಯಾದ ಹೊತ್ತು ಎರಡೂ ಆಗಿ ಎರಡು ವಾರವಾದರೂ ಉಬ್ಬರ ಇಳಿಯದಿದ್ದರೆ ಜಠರದ ಆಮ್ಲ ತಗ್ಗಿಸುವ ಮಾತ್ರೆ ಸೇರಿಸಿ ನೋಡುತ್ತಾರೆ. ಸಣ್ಣ ಕರುಳಿನಲ್ಲಿ ಬ್ಯಾಕ್ಟೀರಿಯಾ ಅತಿಯಾಗಿ ಬೆಳೆದಿದ್ದರೆ ಅದಕ್ಕೆ ಬೇರೆ ಚಿಕಿತ್ಸೆ ಇದೆ.

ಮುಚ್ಚಿಡಬಾರದ ವಿಷಯವೊಂದಿದೆ: ಈ ಕಿಣ್ವವನ್ನು ಹಂದಿಯ ಮೇದೋಜೀರಕದಿಂದ ತಯಾರಿಸುತ್ತಾರೆ. ಉಡುಪಿಯ ಶುದ್ಧ ಸಸ್ಯಾಹಾರಿಗಳಿಗೂ ಉಳ್ಳಾಲದ ಮುಸ್ಲಿಂ ಕುಟುಂಬಗಳಿಗೂ ನಾನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರದೋ ಬಾಯಿಂದ ಕೇಳಿ, ನನಗೂ ಹೇಳದೆ ನಿಲ್ಲಿಸಿ ಹತ್ತು ಕಿಲೋ ಇಳಿದು ಬರುವುದಕ್ಕಿಂತ ಅದು ವಾಸಿ. ತಮ್ಮ ಗುರುಗಳನ್ನೋ ಖತೀಬರನ್ನೋ ಕೇಳಿ ಬಂದವರಲ್ಲಿ ಹೆಚ್ಚಿನವರು ಮದ್ದೆಂದು ಮುಂದುವರಿಸಿದ್ದಾರೆ.

ಗಂಜಿಯ ಬಗ್ಗೆ ನನಗೆ ಗೌರವವಿದೆ, ನಾನೂ ಅದರಲ್ಲೇ ಬೆಳೆದವನು. ಆದರೆ 54 ಕಿಲೋದ ಮನುಷ್ಯನಿಗೆ ದಿನಕ್ಕೆರಡು ಹೊತ್ತು ತಿಳಿಗಂಜಿ ಎಂದರೆ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಜಿಡ್ಡು ಪೂರ್ತಿ ಬಿಡಿಸಬೇಡಿ. ಜಿಡ್ಡಿಗೆ ತಕ್ಕ ಕ್ಯಾಪ್ಸೂಲ್ ಕೊಡಿ. ಗಂಜಿಯನ್ನು ಗಟ್ಟಿ ಮಾಡಿ, ಒಂದು ಚಮಚ ತುಪ್ಪ ಹಾಕಿ, ಜೊತೆಗೆ ಮೊಟ್ಟೆಯೋ ಮೊಸರೋ ಹೆಸರುಕಾಳೋ ಇರಲಿ. ಮೂರು ದೊಡ್ಡ ಊಟದ ಬದಲು ಆರು ಸಣ್ಣದು. ಸಕ್ಕರೆಯ ಮಟ್ಟವನ್ನೂ ನೋಡಿಸಿ, ಗ್ರಂಥಿ ಅರ್ಧ ಹೋದವರಿಗೆ ಮಧುಮೇಹ ಹೊಸದಾಗಿ ಬರುವುದುಂಟು.

ಮೂರನೆಯದು ಕೊರೆತ. ಮುಂದಕ್ಕೆ ಬಾಗಿದರೆ ಕಡಿಮೆ, ಅಂಗಾತ ಮಲಗಿದರೆ ಹೆಚ್ಚು ಎನ್ನುವುದು ಮೇದೋಜೀರಕದ ಸುತ್ತಣ ನೋವಿನ ಹಳೆಯ ಗುರುತು. ಗ್ರಂಥಿಯ ಹಿಂದೆ, ಮಹಾಅಪಧಮನಿಯನ್ನು ಬಲೆಯಂತೆ ಸುತ್ತಿಕೊಂಡ ಸೀಲಿಯಾಕ್ ನರಜಾಲವಿದೆ. ಈ ಭಾಗದ ನೋವೆಲ್ಲ ಆ ಬಲೆಯ ಮೂಲಕವೇ ಹಾದು ಬೆನ್ನಿನಲ್ಲಿ ಕಾಣಿಸಿಕೊಳ್ಳುತ್ತದೆ. ಶಸ್ತ್ರಚಿಕಿತ್ಸೆಗೆ ಮುಂಚೆ ತಿಂಗಳುಗಟ್ಟಲೆ ಗಡ್ಡೆಯ ಒತ್ತಡ ಅನುಭವಿಸಿದ ನರಗಳು ಗಡ್ಡೆ ಹೋದ ಮೇಲೂ ತಟಕ್ಕನೆ ಸುಮ್ಮನಾಗುವುದಿಲ್ಲ. ಉಳಿದ ಗ್ರಂಥಿಯಲ್ಲಿ ಊತವಿರಬಹುದು, ಹೊಸ ಜೋಡಣೆಯ ಬಳಿ ಹುಣ್ಣಾಗಿರಬಹುದು. ಹದಿನಾಲ್ಕು ಕಿಲೋ ಇಳಿದ ಬೆನ್ನಿನ ಸ್ನಾಯುಗಳು, ಗಾಯ ಕಾಪಾಡಲೆಂದು ಒಂಬತ್ತು ತಿಂಗಳು ಗೂನು ಬೆನ್ನು ಮಾಡಿ ನಡೆದದ್ದು, ಇದಿಷ್ಟೇ ಸಾಕು ನಡುಬೆನ್ನು ನೋಯಲು. ಮತ್ತು ಹೌದು, ಮರುಕಳಿಕೆ ಮೊದಲು ಮಾತಾಡುವುದೂ ಎಷ್ಟೋ ಸಲ ಇಲ್ಲಿಂದಲೇ.

ಆದ್ದರಿಂದ ಈ ನೋವಿಗೆ ದಿಕ್ಕು ಕಂಡುಕೊಳ್ಳಬೇಕು. ಶಸ್ತ್ರಚಿಕಿತ್ಸೆಯಿಂದ ಈಚೆಗೆ ಅದು ಇಳಿಯುತ್ತಾ ಬಂದಿದೆಯೇ, ನಿಂತಲ್ಲೇ ನಿಂತಿದೆಯೇ, ಅಥವಾ ನಡುವೆ ಇಲ್ಲದಿದ್ದು ಹೊಸದಾಗಿ ಶುರುವಾಗಿ ವಾರದಿಂದ ವಾರಕ್ಕೆ ಏರುತ್ತಿದೆಯೇ? ಮೊದಲ ಎರಡಾದರೆ ಸ್ಕ್ಯಾನಿನ ಮಾತನ್ನು ನಂಬಬಹುದು. ಏರುತ್ತಿದ್ದರೆ ಮುಂದಿನ ತಪಾಸಣೆಯ ತಾರೀಖಿಗೆ ಕಾಯಬೇಡಿ. ವೈದ್ಯರಲ್ಲಿ ಬೆನ್ನು ನೋವು ಎಂದಷ್ಟೇ ಹೇಳದೆ ಹೀಗೆ ಕೇಳಿ: ಉಳಿದ ಗ್ರಂಥಿಯ ನಾಳ ಹಿಗ್ಗಿದೆಯೇ, ದೊಡ್ಡ ರಕ್ತನಾಳಗಳ ಸುತ್ತ ಹಿಂದಿನ ಸ್ಕ್ಯಾನಿಗಿಂತ ದಪ್ಪಗಾಗಿರುವುದೇನಾದರೂ ಇದೆಯೇ, ಬೆನ್ನುಮೂಳೆ ನೋಡಿದ್ದೀರಾ, ಈ ಕ್ಯಾನ್ಸರಿನ ಸುಳಿವು ಕೊಡುವ ಸಿಎ 19-9 ರಕ್ತಪರೀಕ್ಷೆಯ ಅಂಕೆ ಎಷ್ಟಿದೆ? ಆ ಅಂಕೆ ಪಿತ್ತನಾಳ ಕಟ್ಟಿದಾಗಲೂ ಏರುತ್ತದೆ, ಕೆಲವರ ದೇಹ ಅದನ್ನು ತಯಾರಿಸುವುದೇ ಇಲ್ಲ. ಅದೊಂದನ್ನೇ ಹಿಡಿದು ರಾತ್ರಿಯಿಡೀ ಮೊಬೈಲಿನಲ್ಲಿ ಹುಡುಕಬೇಡಿ.

ಕಾರಣ ಯಾವುದೇ ಇರಲಿ, ಪರೀಕ್ಷೆಗಳು ಮುಗಿಯುವವರೆಗೆ ನೋವನ್ನು ಕಾಯಿಸಬೇಕಾಗಿಲ್ಲ. ಮಾತ್ರೆಗಳಿಗೆ ಬಗ್ಗದಿದ್ದರೆ ಆ ನರಜಾಲಕ್ಕೇ ಮದ್ದು ಕೊಡುವ ವಿಧಾನವಿದೆ: ಬೋರಲು ಮಲಗಿಸಿ, ಎಕ್ಸ್‌ರೇ ಅಥವಾ ಸಿಟಿಯಲ್ಲಿ ನೋಡುತ್ತ ಬೆನ್ನಿನಿಂದ ಸೂಜಿ ಹಾಕುತ್ತಾರೆ. ಕ್ಯಾನ್ಸರ್ ಇರುವವರಿಗೆ ಆಲ್ಕೋಹಾಲ್ ಹಾಕಿ ನರವನ್ನೇ ಮೌನಗೊಳಿಸುತ್ತಾರೆ, ಪರಿಣಾಮ ಕೆಲವು ತಿಂಗಳು. ನಿಮ್ಮ ಯಜಮಾನರಂತೆ ಸ್ಕ್ಯಾನ್ ಸ್ವಚ್ಛವಿರುವವರಿಗೆ ನಾನಾದರೆ ಮೊದಲು ತಾತ್ಕಾಲಿಕ ಮದ್ದು ಹಾಕಿ ನೋಡುತ್ತೇನೆ. ಎರಡು ಮೂರು ದಿನ ಎದ್ದಾಗ ತಲೆ ತಿರುಗಬಹುದು, ಭೇದಿಯಾಗಬಹುದು. ಕಾಲಿನ ಬಲ ಕುಂದುವುದು ತೀರ ಅಪರೂಪ, ಆದರೆ ಸಹಿ ಹಾಕುವ ಮುಂಚೆ ತಿಳಿದಿರಬೇಕು.

ಈಗ ಮಗನ ಹೆದರಿಕೆ. ಟ್ರಮಡಾಲ್ ಎಂಬ ಹೆಸರು 2018ರಿಂದ ಮಾದಕವಸ್ತು ಕಾಯಿದೆಯ ಪಟ್ಟಿಯಲ್ಲಿದೆ, ಅದು ಅವನ ಕಿವಿಗೂ ಬಿದ್ದಿರಬೇಕು. ಚಟ ಎಂದರೆ ನೋವಿಲ್ಲದಿದ್ದರೂ ಮದ್ದಿಗಾಗಿ ಹಾತೊರೆಯುವುದು, ಸುಳ್ಳು ಹೇಳುವುದು, ಕದ್ದು ನುಂಗುವುದು. ಅರ್ಧ ಮಾತ್ರೆಯನ್ನು ವಾರಗಟ್ಟಲೆ ಮುಂದೂಡುವ ಮನುಷ್ಯನನ್ನು ಆ ಸಾಲಿಗೆ ಸೇರಿಸುವುದು ಹಾಸ್ಯಾಸ್ಪದ. ಅಪಾಯ ಇಲ್ಲವೇ ಇಲ್ಲ ಎನ್ನುವುದಿಲ್ಲ. ಪ್ರಮಾಣ ಬರೆದವರೇ ಏರಿಸಬೇಕು, ಇಳಿಸಬೇಕು, ಮದ್ಯದೊಂದಿಗೆ, ನಿದ್ದೆ ಮಾತ್ರೆಯೊಂದಿಗೆ ಕೂಡದು, ಮಾತ್ರೆ ಕಪಾಟಿನಲ್ಲಿ ಬೀಗದೊಳಗಿರಬೇಕು. ಆದರೆ ನೋವು ನೆತ್ತಿಗೇರಿದ ಮೇಲೆ ಅರ್ಧ ನುಂಗುವುದು ಮನೆಗೆ ಬೆಂಕಿ ಹಿಡಿದ ಮೇಲೆ ತಂಬಿಗೆ ನೀರು ಎರಚಿದಂತೆ. ದಿನವಿಡೀ ಇರುವ ನೋವಿಗೆ ಗಂಟೆ ನೋಡಿ ಕೊಡಬೇಕು. ಪ್ಯಾರಾಸಿಟಮಾಲ್‌ನಿಂದಲೇ ಆರಂಭಿಸಿ, ದಿನಕ್ಕೆ ಮೂರು ಸಲ ನಿಗದಿತ ಹೊತ್ತಿಗೆ, ವೈದ್ಯರು ಹೇಳಿದ ಮಿತಿಯೊಳಗೆ. ಅದನ್ನು ತಮಾಷೆ ಮಾಡಬೇಡಿ, ಸರಿಯಾಗಿ ಕೊಟ್ಟರೆ ಹೆಚ್ಚು ಬಲದ ಮಾತ್ರೆಯ ಅಗತ್ಯವನ್ನೇ ತಗ್ಗಿಸುತ್ತದೆ. ಅಂಗಡಿಯಿಂದ ಕೇಳಿ ತರುವ ಡೈಕ್ಲೋಫಿನಾಕ್, ಅಸಿಕ್ಲೋಫಿನಾಕ್ ಮಾತ್ರ ಬೇಡ. ಜಠರದ ಹೊಸ ಜೋಡಣೆಯಲ್ಲಿ ಹುಣ್ಣು ಮಾಡುವುದರಲ್ಲಿ ಅವು ನಿಸ್ಸೀಮ.

ಮಾರ್ಫಿನ್ ಎಂದ ಕೂಡಲೇ ಮನೆಯವರು ಅಳುವುದನ್ನು ನೋಡಿದ್ದೇನೆ, ಕೊನೆಯ ಮದ್ದೆಂದು. ಅದು ಕೊನೆಯದ್ದಲ್ಲ, ಬಲವಾದದ್ದು ಅಷ್ಟೇ. 1985ರ ಆ ಮಾದಕವಸ್ತು ಕಾಯಿದೆಯ ಬಿಗಿಯಿಂದ ದಶಕಗಳ ಕಾಲ ನಮ್ಮ ರೋಗಿಗಳಿಗೆ ಅದು ಸಿಗುವುದೇ ದುಸ್ತರವಾಗಿತ್ತು. 2014ರ ತಿದ್ದುಪಡಿಯ ಬಳಿಕ ಮಾನ್ಯತೆ ಪಡೆದ ಆಸ್ಪತ್ರೆಗಳು ಇಟ್ಟುಕೊಂಡು ಕೊಡಬಹುದು. ಆದರೂ ನಿಮ್ಮ ಯಜಮಾನರಿಗೆ ಈಗ ನಾನು ಅದನ್ನು ಮೊದಲು ಎತ್ತಿಕೊಳ್ಳುವುದಿಲ್ಲ. ಹೆದರಿಕೆಯಿಂದಲ್ಲ. ಉರಿಗೆ ಅದು ಸರಿಯಾದ ಆಯುಧವಲ್ಲ, ಕಿವುಚುವ ಹೊಟ್ಟೆಯನ್ನು ಇನ್ನಷ್ಟು ಕಟ್ಟಿಹಾಕುತ್ತದೆ, ಮತ್ತು ವರ್ಷಗಟ್ಟಲೆ ಬದುಕಲಿ ಎಂದು ನಾವು ಹಾರೈಸುತ್ತಿರುವವರಿಗೆ ವರ್ಷಗಟ್ಟಲೆ ಕೊಡುವ ಮದ್ದನ್ನು ಯೋಚಿಸಿಯೇ ಆರಿಸಬೇಕು. ಕೊರೆತ ಬೇರೆ ಯಾವುದಕ್ಕೂ ಬಗ್ಗದಿದ್ದರೆ ಖಂಡಿತ ಕೊಡಬಹುದು. ಕೊಟ್ಟ ದಿನವೇ ಮಲಬದ್ಧತೆಯ ಮದ್ದನ್ನೂ ಶುರುಮಾಡಬೇಕು. ಟ್ರಮಡಾಲ್‌ಗೂ ಇದೇ ಮಾತು.

ಯಾರೋ ಹಳ್ಳಿಮದ್ದು ಹೇಳಿಯೇ ಇರುತ್ತಾರೆ. ಜೀರಿಗೆ ಕಷಾಯ, ಶುಂಠಿ ಚೂರು, ಇದಕ್ಕೆಲ್ಲ ನನ್ನ ತಕರಾರಿಲ್ಲ. ಹೆಸರಿಲ್ಲದ ಪುಡಿ, ಭಸ್ಮ ಬೇಡ. ಆಟಿ ಅಮಾವಾಸ್ಯೆಯ ಹಾಲೆ ಮರದ ಕಷಾಯವನ್ನೂ ಈ ವರ್ಷ ಮನೆಯ ಉಳಿದವರು ಕುಡಿಯಲಿ.

ಕೆಲವು ಲಕ್ಷಣಗಳು ಬಂದರೆ ಬೆಳಗಾಗಲಿ ಎಂದು ಕೂರಬೇಡಿ: ಚಳಿ ನಡುಗಿ ಜ್ವರ, ಕಣ್ಣು ಹಳದಿಯಾಗುವುದು, ನಿಲ್ಲದ ವಾಂತಿ, ಡಾಂಬರಿನಂತೆ ಕಪ್ಪು ಮಲ, ಹೊಟ್ಟೆ ಉಬ್ಬಿ ಗಾಳಿಯೂ ಹೋಗದಿರುವುದು, ಒಂದೇ ಕಾಲು ಊದಿ ಮೀನಖಂಡ ನೋಯುವುದು, ಬೆನ್ನು ನೋವಿನೊಂದಿಗೆ ಕಾಲು ಸೋಲುವುದು ಅಥವಾ ಮೂತ್ರದ ಹಿಡಿತ ತಪ್ಪುವುದು. ಮಳೆಯಿರಲಿ, ನಡುರಾತ್ರಿಯಿರಲಿ, ಹೊರಡಬೇಕು. ಬ್ರಹ್ಮಾವರದಿಂದ ಮಣಿಪಾಲ ಹತ್ತಿರವೇ ಇದೆ.

ನೋವಿನ ವೈದ್ಯರು ಎಲ್ಲಿ ಎಂಬುದಕ್ಕೂ ಅದೇ ಉತ್ತರ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಉಪಶಾಮಕ ಆರೈಕೆಗೆ, ಅಂದರೆ ನೋವು, ಸಂಕಟ ತಗ್ಗಿಸುವ ಚಿಕಿತ್ಸೆಗೆ (ಪ್ಯಾಲಿಯೇಟಿವ್ ಕೇರ್), ಪ್ರತ್ಯೇಕ ವಿಭಾಗವಿದೆ. ಮಂಗಳೂರಿನ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಅರಿವಳಿಕೆ ವಿಭಾಗದಲ್ಲಿ ವಿಚಾರಿಸಿ, ನೋವಿನ ಚುಚ್ಚುಮದ್ದು ಕೊಡುವವರು ಬಹುಪಾಲು ಅವರೇ. ಉಪಶಾಮಕ ಎಂಬ ಫಲಕ ನೋಡಿ, ಅದು ಕೊನೆಗಾಲದವರಿಗೆ ಎಂದುಕೊಂಡು ಹಿಂದೆ ಸರಿಯಬೇಡಿ. ಗುಣವಾಗುತ್ತಿರುವವರ ನೋವನ್ನೂ ನೋಡುವುದು ಆ ವಿಭಾಗದ ಕೆಲಸ.

ಹೋಗುವ ಮುಂಚೆ ಎರಡು ವಾರ ಒಂದು ಕೆಲಸ ಮಾಡಿ. ನಿಮ್ಮ ಅಂಗಡಿಯ ಗೋಡೆಯ ಕ್ಯಾಲೆಂಡರ್ ಒಂದನ್ನು ಮಂಚದ ಪಕ್ಕ ತೂಗುಹಾಕಿ. ದಿನದ ಚೌಕದಲ್ಲಿ ಉ, ಕಿ, ಕೊ ಎಂದು ಮೂರು ಅಕ್ಷರ. ಪ್ರತಿಯೊಂದರ ಮುಂದೆ ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕೆ. ಸೊನ್ನೆ ಎಂದರೆ ಇಲ್ಲ, ಹತ್ತು ಎಂದರೆ ಇದಕ್ಕಿಂತ ಮೇಲಿಲ್ಲ. ಅಂಕೆಯನ್ನು ಅವರೇ ಹೇಳಬೇಕು, ನೀವು ಮುಖ ನೋಡಿ ಬರೆಯಬಾರದು. ಅಂಗಡಿಯವರು, ಲೆಕ್ಕ ಬರೆಯುವುದು ಅವರಿಗೆ ಕಷ್ಟವಾಗಲಾರದು. ವಾರಕ್ಕೊಮ್ಮೆ ತೂಕ. ಆ ಒಂದು ಹಾಳೆ ತಂದರೆ ವೈದ್ಯರ ಮುಂದೆ ನೀವು ಹೆಚ್ಚು ಮಾತಾಡಬೇಕಾಗಿಲ್ಲ.

ರಾತ್ರಿಗೆ ಮಂಚದ ತಲೆಭಾಗದ ಕಾಲುಗಳ ಕೆಳಗೆ ಒಂದೊಂದು ಇಟ್ಟಿಗೆ, ಮಗ್ಗುಲಾಗಿ ಮಲಗಿ ಮೊಣಕಾಲುಗಳ ನಡುವೆ ದಿಂಬು. ಸಂಜೆ ಅಂಗಳದಲ್ಲಿ ಹತ್ತು ನಿಮಿಷದಿಂದ ಶುರುಮಾಡಿ ನಡಿಗೆ, ಬೆನ್ನು ನೇರ ಮಾಡಿ. ಬೆಳಿಗ್ಗೆ ಒಂದೆರಡು ಗಂಟೆ ಗಲ್ಲಾಪೆಟ್ಟಿಗೆಯ ಮುಂದೆ ಕೂರಲಿ, ಗಿರಾಕಿಗಳ ಮಾತು ಕೇಳುತ್ತಿರುವಾಗ ನೋವಿನ ಸದ್ದು ತಗ್ಗುತ್ತದೆ. ನೀವು ಕೂಡ ಒಂಬತ್ತು ತಿಂಗಳಿಂದ ಅರ್ಧ ನಿದ್ದೆಯಲ್ಲಿದ್ದೀರಿ. ವಾರಕ್ಕೆ ಎರಡು ರಾತ್ರಿ ತಂಗಿಯನ್ನೋ ನಾದಿನಿಯನ್ನೋ ಕರೆಸಿ, ಬೇರೆ ಕೋಣೆಯಲ್ಲಿ ಬಾಗಿಲು ಹಾಕಿ ಮಲಗಿ.

ಇನ್ನು ಬಂಗುಡೆ. ಸಣ್ಣ ಪ್ರಶ್ನೆ ಎಂದಿರಿ, ನನಗಂತೂ ಪತ್ರದಲ್ಲಿ ಅತ್ಯಂತ ಸಮಾಧಾನ ಕೊಟ್ಟ ಸಾಲು ಅದು. ದಿನಾ ಮೀನು ಕೇಳುವವರ ಹಸಿವು ಸತ್ತಿಲ್ಲ. ಬಂಗುಡೆ ಜಿಡ್ಡಿನ ಮೀನು, ಆದರೆ ಅವರಿಗೆ ಬೇಕಾದ ಪ್ರೋಟೀನೂ ಅದರಲ್ಲಿದೆ. ಕ್ಯಾಪ್ಸೂಲಿನ ಪ್ರಮಾಣ ಸರಿಪಡಿಸಿ ಒಂದು ವಾರ ಹೋಗಲಿ. ಆಮೇಲೆ ಒಂದು ದಿನ ಒಂದೇ ಮೀನು, ಕಾವಲಿಯಲ್ಲಿ ಕರಿದದ್ದಲ್ಲ, ಖಾರ ತಗ್ಗಿಸಿದ ಪುಳಿಮುಂಚಿ ಸಾರು. ರಾತ್ರಿಗೆ ಬೇಡ, ಮಧ್ಯಾಹ್ನಕ್ಕೆ. ಮೊದಲ ತುತ್ತಿಗೆ ಒಂದು ಕ್ಯಾಪ್ಸೂಲ್, ಮೀನು ಅರ್ಧವಾದಾಗ ಇನ್ನೊಂದು. ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಬಂಗುಡೆ ಎಂದು ಬರೆದು, ಎರಡು ಗಂಟೆ ಬಿಟ್ಟು "ಕಿ"ಯ ಮುಂದೆ ಎಷ್ಟು ಹಾಕಲಿ ಎಂದು ಅವರನ್ನೇ ಕೇಳಿ. ಮೂರರೊಳಗೆ ಇದ್ದರೆ ಮುಂದಿನ ಸಲ ಎರಡು ಮೀನು.